ಮಳೆ ನಿಂತ ಮೇಲೂ ತಿರುಗುವ ಸುಳಿ: ಹರಿಹರದ ಎಂಟನೇ ತರಗತಿಯಲ್ಲಿ ಎರಡು ಪಾಠ

ಅಕ್ಟೋಬರ್ ತಿಂಗಳ ಅಭ್ಯಾಸ ಬೋಧನೆಗೆ ನನಗೆ ಸಿಕ್ಕಿದ್ದು ಹರಿಹರದ ಒಂದು ಪ್ರೌಢಶಾಲೆ, ಎಂಟನೇ ತರಗತಿ, ವಾಯುಗೋಳದ ಪಾಠ. ದಾವಣಗೆರೆಯಿಂದ ಬಸ್ಸಿನಲ್ಲಿ ಹೋಗುವಾಗ ರಸ್ತೆಬದಿಯ ಉದ್ದಕ್ಕೂ ಮೆಕ್ಕೆಜೋಳ ಒಣಗಲು ಹರವಿರುತ್ತಿತ್ತು. ಪರಿಸರಣ ಮಳೆಯ ಪಾಠ ಯೋಜನೆಯಂತೆಯೇ ಸಾಗಿತು: ನೆಲ ಕಾಯುತ್ತದೆ, ಗಾಳಿ ಮೇಲೇರುತ್ತದೆ, ಮಧ್ಯಾಹ್ನದ ಮೇಲೆ ಗುಡುಗು ಮಳೆ, ರಾತ್ರಿಗೆ ಎಲ್ಲ ಶಾಂತ. ಮೌಲ್ಯಮಾಪನದ ಪ್ರಶ್ನೆಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು.

“ಮಿಸ್, ಮೊನ್ನೆ ರಾತ್ರಿ ಜೋರು ಮಳೆ ಬಂದು ನಿಂತ್ಹೋತು. ಬೆಳಿಗ್ಗೆ ಬಿಸಿಲು ಬಿತ್ತು. ಇನ್ನೇನ್ ಬರಲ್ಲ ಅಂತ ಅಪ್ಪ ಜೋಳ ಹರವಿದ್ರು. ಮಧ್ಯಾಹ್ನ ಮತ್ತೆ ನಮ್ ಕಡೆನೇ ಬಂತು. ಯಾಕ್ ಮಿಸ್?”

“ನೆಲ ಮತ್ತೆ ಕಾಯ್ತಲ್ಲ” ಎಂದೆ.

“ಎಲ್ಲಾ ಕಡೆ ಕಾದಿತ್ತಲ್ಲ ಮಿಸ್. ಅಲ್ಲೇ ಯಾಕೆ?”

ಗಂಟೆ ಬಾರಿಸಿತು. ನೆಂದ ಜೋಳಕ್ಕೆ ಬೂಸ್ಟು ಹಿಡಿದರೆ ಬೆಲೆ ಏನಾಗುತ್ತದೆಂದು ನಮ್ಮ ಜಿಲ್ಲೆಯವರಿಗೆ ಹೇಳಬೇಕಿಲ್ಲ. ಮೇಲ್ವಿಚಾರಕರು ವೀಕ್ಷಣಾ ಪುಸ್ತಕದಲ್ಲಿ ‘ಪ್ರಶ್ನೆಗೆ ಉತ್ತರ ಸಿಕ್ಕಿಲ್ಲ’ ಎಂದಷ್ಟೇ ಬರೆದರು. ಬರೆದದ್ದು ಸರಿಯೇ ಇತ್ತು.

ಆ ವಾರ ಓದಿ ತಿಳಿದದ್ದಕ್ಕೆ ಹವಾಮಾನ ಶಾಸ್ತ್ರದಲ್ಲಿ ‘ಮೀಸೋಸ್ಕೇಲ್ ಕನ್ವೆಕ್ಟಿವ್ ವೋರ್ಟೆಕ್ಸ್’ ಎನ್ನುತ್ತಾರೆ. ತರಗತಿಗೆ ನಾನು ‘ಮಳೆಸುಳಿ’ ಎಂದು ಹೆಸರಿಟ್ಟುಕೊಂಡೆ. ಹಲವು ಗುಡುಗು ಮೋಡಗಳು ಒಂದಾಗಿ ದೊಡ್ಡ ಗುಂಪಾದಾಗ, ಅದರ ಹಿಂಭಾಗದಲ್ಲಿ ಗಂಟೆಗಟ್ಟಲೆ ಸಣ್ಣಗೆ ಸುರಿಯುವ ಮಳೆಯ ಪ್ರದೇಶ ಬೆಳೆಯುತ್ತದೆ. ಅಲ್ಲಿ ಮೇಲೆ ಆವಿ ಹನಿಯಾಗುವಾಗ ಶಾಖ ಬಿಡುಗಡೆಯಾಗುತ್ತದೆ, ಒಂದು ಕಿಲೋಗ್ರಾಂ ಆವಿಗೆ ಸುಮಾರು 25 ಲಕ್ಷ ಜೂಲ್. ಕೆಳಗೆ ಹನಿಗಳು ಆವಿಯಾಗಿ, ಹಿಮ ಕರಗಿ, ಗಾಳಿ ತಂಪಾಗುತ್ತದೆ. ಬೆಚ್ಚನೆಯ ಮೇಲ್ಪದರಕ್ಕೂ ತಣ್ಣನೆಯ ಕೆಳಪದರಕ್ಕೂ ನಡುವೆ, ಸುಮಾರು 3ರಿಂದ 6 ಕಿ.ಮೀ. ಎತ್ತರದಲ್ಲಿ, ಒತ್ತಡ ತಗ್ಗುತ್ತದೆ. ಸುತ್ತಲಿನ ಗಾಳಿ ಒಳಗೆ ನುಗ್ಗುತ್ತದೆ, ಭೂಮಿಯ ಆವರ್ತನೆಯಿಂದಾಗಿ ನಮ್ಮ ಗೋಳಾರ್ಧದಲ್ಲಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಸುಳಿಯ ಅಗಲ ಸಾಮಾನ್ಯವಾಗಿ 50ರಿಂದ 200 ಕಿ.ಮೀ. ಹರಿಹರ, ದಾವಣಗೆರೆ ಎರಡೂ ಒಂದೇ ಸುಳಿಯೊಳಗೆ ಅಡಗಬಹುದು.

ಹುಡುಗಿಯ ಪ್ರಶ್ನೆಗೆ ಬೇಕಾದದ್ದು ಮುಂದಿನ ಮಾತು. ಮಳೆ ನಿಂತು ಮೋಡ ಚದುರಿದರೂ ಸುಳಿ ಉಳಿಯಬಹುದು. ಮರುದಿನ ಬಿಸಿಲಿಗೆ ನೆಲ ಕಾದಾಗ, ಆ ಸುಳಿ ಗಾಳಿಯನ್ನು ಮೇಲಕ್ಕೆತ್ತುವ ಕಡೆಯಲ್ಲೇ ಹೊಸ ಗುಡುಗು ಮೋಡ ಏಳುತ್ತದೆ. ಅಮೆರಿಕದ ಜಾನ್ಸ್‌ಟೌನ್‌ನಲ್ಲಿ 1977ರ ಜುಲೈನಲ್ಲಿ ಪ್ರವಾಹ ತಂದ ದೀರ್ಘಾಯುಷಿ ಮಳೆಗುಂಪಿನ ಅಧ್ಯಯನ ಈ ವಿಷಯದಲ್ಲಿ ಹೆಸರಾಗಿದೆ. 2003ರಲ್ಲಿ ಅಲ್ಲಿನ ವಿಜ್ಞಾನಿಗಳು ಇಂಥ ಸುಳಿಗಳನ್ನು ಅಳೆಯಲೆಂದೇ ವಿಮಾನ ಹಾರಿಸಿದರು. ನಮ್ಮ ಪಶ್ಚಿಮ ಕರಾವಳಿಯ ಸಮುದ್ರದಲ್ಲಿ ಮುಂಗಾರಿನಲ್ಲಿ ಏಳುವ ಸಣ್ಣ ಸುಳಿಗಳ ಬಗ್ಗೆ ಪಿ. ಎ. ಜಾರ್ಜ್ 1956ರಲ್ಲೇ ಬರೆದಿದ್ದರು. ಅವು ಹುಟ್ಟುವ ಬಗೆ ಬೇರೆ. ಆದರೂ ಸಣ್ಣ ಸುಳಿಯೊಂದು ದೊಡ್ಡ ಮಳೆ ತರಬಲ್ಲದು ಎಂಬುದಕ್ಕೆ ಹತ್ತಿರದ ಸಾಕ್ಷಿ.

ಎರಡನೇ ಪಾಠಕ್ಕೆ ಅಗಲವಾದ ಬೋಗುಣಿ, ನೀರು, ಸೌಟು, ಒಂದು ಹಿಡಿ ಮಂಡಕ್ಕಿ ಒಯ್ದೆ. (ದಾವಣಗೆರೆಯವಳ ಬೋಧನೋಪಕರಣದಲ್ಲಿ ಮಂಡಕ್ಕಿ ಇರದೆ ಇದ್ದೀತೆ?) ನೀರು ತಿರುಗಿಸಿ ಸೌಟು ತೆಗೆದೆ. ಮಂಡಕ್ಕಿ ಸುತ್ತುತ್ತಲೇ ಇತ್ತು. “ಸೌಟು ಹೋಯ್ತು, ಸುತ್ತೋದು ಹೋಗಿಲ್ಲ” ಎಂದ ಒಬ್ಬ. ಇನ್ನೊಬ್ಬ, “ಮೇಲೆ ಸೌಟು ಹಿಡಿದೋರು ಯಾರು ಮಿಸ್?” ಎಂದು ಕೇಳಿದ. ಮಾದರಿಯ ಮಿತಿಯನ್ನು ನಾನೇ ಹೇಳಬೇಕೆಂದಿದ್ದೆ, ಅವನೇ ಹೇಳಿಬಿಟ್ಟ. ಅಲ್ಲಿಂದ ಶಾಖದ ಮಾತಿಗೆ ಹೋಗುವುದು ಸುಲಭವಾಯಿತು.

ಸುಳಿಯನ್ನು ಕಂಡುಹಿಡಿಯುವುದು ಕಷ್ಟದ ಭಾಗ. ನೆಲದ ಮೇಲಿನ ಗಾಳಿ, ಒತ್ತಡದಲ್ಲಿ ಅದರ ಗುರುತು ತೀರಾ ಕಡಿಮೆ. ರೇಡಾರ್ ವಿಷಯಕ್ಕೆ ಕಪ್ಪುಹಲಗೆಯ ಮೇಲೊಂದು ಲೆಕ್ಕ ಮಾಡಿದೆವು: ಗೋವಾದ ರೇಡಾರಿನಿಂದ ದಾವಣಗೆರೆ ಸುಮಾರು 250 ಕಿ.ಮೀ. ಅರ್ಧ ಡಿಗ್ರಿ ಓರೆಯಲ್ಲಿ ಹೊರಟ ಕಿರಣ, ಭೂಮಿ ದುಂಡಗಿರುವುದರಿಂದ, ಇಲ್ಲಿಗೆ ಬರುವಾಗ ಆರು ಕಿ.ಮೀ. ಹತ್ತಿರದ ಎತ್ತರದಲ್ಲಿರುತ್ತದೆ. ಸುಳಿಯ ನೆತ್ತಿ ಸಿಕ್ಕೀತು, ಹೊಟ್ಟೆ ಸಿಗದು. ಉಳಿದದ್ದು ಉಪಗ್ರಹ. ಭಾರತ ಹವಾಮಾನ ಇಲಾಖೆಯ ಜಾಲತಾಣದಲ್ಲಿ ಇನ್ಸಾಟ್ ಚಿತ್ರಗಳು ಸಿಗುತ್ತವೆ. ಅರ್ಧರ್ಧ ಗಂಟೆಯ ಎಂಟು ಚಿತ್ರ ಮುದ್ರಿಸಿ, ಹೊಲಿದು, ಗುಂಪಿಗೊಂದರಂತೆ ಕೊಟ್ಟೆ. ಸರಸರ ಮಗುಚಿದರೆ ಮೋಡ ಚಲಿಸುತ್ತದೆ. ರಾತ್ರಿಯ ಅವರೋಹಿತ ಚಿತ್ರದಲ್ಲಿ ಎತ್ತರದ ಮೋಡದ ಹೊದಿಕೆ ಸುಳಿಯನ್ನು ಮುಚ್ಚಿಬಿಡುತ್ತದೆ. ಬೆಳಿಗ್ಗೆ ಹೊದಿಕೆ ಚದುರಿದಾಗ ಬೆಳಕಿನ ಚಿತ್ರದಲ್ಲಿ ಸುರುಳಿ ಕಾಣಬೇಕು.

ಮೊದಲ ದಿನ ಐದೂ ಗುಂಪಿನವರು “ಸಿಕ್ತು” ಎಂದರು. ಸಾಗುವ ಮೋಡವೆಲ್ಲ ಅವರಿಗೆ ತಿರುಗುವ ಮೋಡ. ಈ ತಪ್ಪನ್ನು ನಾನು ಮೊದಲೇ ಊಹಿಸಬೇಕಿತ್ತು. ಮರುದಿನ ಪಾರದರ್ಶಕ ಕಾಗದ ಕೊಟ್ಟು, ಊಹಿಸಿದ ಕೇಂದ್ರದ ನಾಲ್ಕು ದಿಕ್ಕಿಗೂ ಒಂದೊಂದು ಮೋಡದ ತುಣುಕು ಗುರುತಿಸಿ, ಪ್ರತಿ ಚಿತ್ರದಲ್ಲೂ ಅದು ಎಲ್ಲಿಗೆ ಹೋಯಿತೆಂದು ಬಾಣ ಹಾಕಿಸಿದೆ. ಕೇಂದ್ರದ ಜೊತೆ ಎಲ್ಲವೂ ಒಂದೇ ಕಡೆ ಹೋದರೆ ಅದು ಬರೀ ಸಾಗುವುದು. ಕೇಂದ್ರವನ್ನು ಒಂದೇ ಕಡೆ ಇಟ್ಟು ನೋಡಿದಾಗ ಬಾಣಗಳು ಸುತ್ತುವರಿದರೆ ಮಾತ್ರ ಸುಳಿ. ನಾಲ್ಕು ದಿನದ ಚಿತ್ರಗಳಲ್ಲಿ ಐದೂ ಗುಂಪಿನ ‘ಸುಳಿ’ ಒಂದೊಂದಾಗಿ ಬಿದ್ದುಹೋಯಿತು. ಮಕ್ಕಳಿಗೆ ಬೇಸರವಾಯಿತು. ನನಗೆ ಆಗಲಿಲ್ಲ.

ಕೊನೆಯ ದಿನ ಆ ಹುಡುಗಿ ಮತ್ತೆ ಎದ್ದಳು. “ನಮ್ ಜೋಳದ ಮೇಲೆ ಬಂದಿದ್ದು ಅದೇನಾ ಮಿಸ್?”

“ಇರಬಹುದು. ಆ ಬೆಳಗಿನ ಚಿತ್ರ ನೋಡದೆ ಹೌದು ಅನ್ನಕ್ಕಾಗಲ್ಲ. ಅವು ನನ್ನ ಹತ್ರ ಇಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾದ್ರೆ ಜೋಳ ಹರವೋಕ್ ಮುಂಚೆ ಎಷ್ಟೊತ್ತಿಗೆ ನೋಡ್ಬೇಕು?” ಎಂದಳು. ರಾತ್ರಿ ಮಳೆಯಾಗಿದ್ದರೆ ಬೆಳಿಗ್ಗೆ ಎಂಟಕ್ಕೆ ಒಮ್ಮೆ ಚಿತ್ರ, ಮಧ್ಯಾಹ್ನ ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ಎಂದೆ. ಅವಳು ಅದನ್ನು ಪುಸ್ತಕದ ಹಿಂದಿನ ರಟ್ಟಿನ ಮೇಲೆ ಬರೆದುಕೊಂಡಳು.