ಹೆದರುವವಳು, ಹೆದರಿಸುವವಳು, ಬರೆಯುವವಳು: ಕನ್ನಡ ಭಯಕಥನದಲ್ಲಿ ಕರ್ತೃತ್ವದ ಪ್ರಶ್ನೆ

ಕನ್ನಡದ ದೆವ್ವ, ಪ್ರೇತ, ಶಾಪಗಳ ಕಥನಗಳಲ್ಲಿ ಹೆಣ್ಣು ಎಲ್ಲೆಲ್ಲೂ ಇದ್ದಾಳೆ. ಆ ಕಥನಗಳ ಕರ್ತೃವಾಗಿ ಮಾತ್ರ ಅವಳು ಅಪರೂಪ. ಈ ವೈರುಧ್ಯದ ಬೇರುಗಳನ್ನು ಶೋಧಿಸುವುದು ಪ್ರಸ್ತುತ ಲೇಖನದ ಉದ್ದೇಶ. ಭರತನ ನಾಟ್ಯಶಾಸ್ತ್ರವು ಭಯಾನಕದ ಸ್ಥಾಯಿಯಾದ ಭಯವನ್ನು ಸ್ತ್ರೀಯರಿಗೂ ನೀಚಪ್ರಕೃತಿಯ ಪಾತ್ರಗಳಿಗೂ ಸಹಜವಾದುದೆಂದು ಪರಿಗಣಿಸಿತು. ಹೀಗೆ ಭಯದ ಆಶ್ರಯವಾಗಿ ಹೆಣ್ಣನ್ನು ಗುರುತಿಸಿದ ಪರಂಪರೆಯು ಆ ಭಯವನ್ನು ನಿರೂಪಿಸುವ ಅಧಿಕಾರವನ್ನು ಅವಳಿಗೆ ಬಿಟ್ಟುಕೊಡಲಿಲ್ಲ.

ಇದಕ್ಕೆ ನಿದರ್ಶನ ದೂರದಲ್ಲಿಲ್ಲ. ಮೈಸೂರು ಅರಸುಮನೆತನದ ಮೂಲವನ್ನು ಹೇಳುವ ಐತಿಹ್ಯವು ನಂಜನಗೂಡು ಸೀಮೆಯ ಹದಿನಾರು ಗ್ರಾಮದೊಂದಿಗೆ ತಳಕು ಹಾಕಿಕೊಂಡಿದೆ. ಐತಿಹ್ಯದ ಒಂದು ಪಾಠದಂತೆ ಹದಿನಾಡಿನ ಒಡೆಯ ಮತಿವಿಕಲನಾಗಿ ಮನೆ ಬಿಟ್ಟಿದ್ದಾನೆ. ಕಾರುಗಹಳ್ಳಿಯ ಮಾರನಾಯಕ ಅವನ ಮಗಳನ್ನು ಬಲವಂತದಿಂದ ವರಿಸಲು ಹವಣಿಸಿದ್ದಾನೆ. ಮನೆಯೊಳಗೆ ಹೆಂಗಸರು ದಿಕ್ಕುಗಾಣದೆ ಕುಳಿತಿದ್ದಾರೆ. ಕಾಣೆಯಾದ ತಂದೆ, ಸುತ್ತುವರಿದ ಮನೆ, ಬೇಡದ ಮದುವೆ: ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಂಗ್ಲೆಂಡಿನ ಆ್ಯನ್ ರ್‍ಯಾಡ್‌ಕ್ಲಿಫ್ ತನ್ನ ಗೋಥಿಕ್ ಕಾದಂಬರಿಗಳನ್ನು ಕಟ್ಟಿದ್ದು ಇಂತಹ ಸಾಮಗ್ರಿಯಿಂದಲೇ. ನಮ್ಮ ಕಥನವಾದರೋ ಯದುರಾಯ, ಕೃಷ್ಣರಾಯರು ಬಂದೊಡನೆ ವೀರಕಥನವಾಗಿ ತಿರುಗಿ, 1399ರ ರಾಜ್ಯಸ್ಥಾಪನೆಯ ಕಡೆಗೆ ಧಾವಿಸುತ್ತದೆ. ಚಿಕ್ಕದೇವರಸಿಯು ಆ ರಾತ್ರಿ ಏನನ್ನು ಕಂಡಳು, ಏನನ್ನು ಕೇಳಿದಳು ಎಂಬುದು ಕಥನದ ಕಾಳಜಿಯಲ್ಲ.

ಅಲಮೇಲಮ್ಮನ ಪ್ರಸಂಗ ಇದಕ್ಕಿಂತ ಜಟಿಲವಾದುದು. 1610ರಲ್ಲಿ ಶ್ರೀರಂಗಪಟ್ಟಣ ರಾಜ ಒಡೆಯರ ವಶವಾದ ಮೇಲೆ ವಿಜಯನಗರದ ಪ್ರತಿನಿಧಿಯ ಪತ್ನಿಯಾದ ಆಕೆ ಒಡವೆಗಳ ಬೇಟೆಗೆ ಸಿಕ್ಕಿ, ತಿ. ನರಸೀಪುರ ಸೀಮೆಯ ತಲಕಾಡು, ಮಾಲಂಗಿಗಳ ಬಳಿ ಕಾವೇರಿಗೆ ಹಾರಿದಳೆಂದು ಪ್ರತೀತಿ. ಹಾರುವ ಮುನ್ನ ನುಡಿದಳೆನ್ನಲಾದ ಶಾಪವು ತಲಕಾಡನ್ನು ಮರಳಿಗೂ ಮಾಲಂಗಿಯನ್ನು ಮಡುವಿಗೂ ಅರಸುಮನೆಯನ್ನು ಸಂತಾನಹೀನತೆಗೂ ಗುರಿಮಾಡಿತು. ಇಲ್ಲಿ ಹೆಣ್ಣು ಹೆದರುವವಳಲ್ಲ, ಹೆದರಿಸುವವಳು. ನಾಲ್ಕು ಶತಮಾನಗಳ ಕಾಲ ಓದುಗರನ್ನೂ ಕೇಳುಗರನ್ನೂ ಹಿಡಿದಿಟ್ಟ ವಾಕ್ಯವೊಂದು ಆಕೆಯ ಹೆಸರಿನಲ್ಲಿದೆ. ಆದರೂ ಅದನ್ನು ನಾವು ರಾಜವಂಶದ ಚರಿತ್ರೆಗೆ ಅಡಿಟಿಪ್ಪಣಿಯಾಗಿ ಓದುತ್ತೇವೆಯೇ ಹೊರತು ಹೆಣ್ಣಿನ ಉಕ್ತಿಯಾಗಿ ಓದುವುದು ಕಡಿಮೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದು ಹೆಣ್ಣುದೆವ್ವವನ್ನು ಹಿಂದಕ್ಕೆ ಕಳುಹಿಸುವ ನಂಬಿಕೆಯೂ ಇದೇ ಜಾಡಿನದು. ಅಲ್ಲಿನ ದೆವ್ವಕ್ಕೆ ಕನ್ನಡ ಓದಲು ಬರುತ್ತದೆ. ಬರೆಯುವ ಅವಕಾಶವೊಂದು ಇಲ್ಲ.

ಮುದ್ರಣ ಸಂಸ್ಕೃತಿಯು ಈ ಸ್ಥಿತಿಯನ್ನು ಬದಲಿಸಬಹುದಾಗಿತ್ತು. ಹದಿನಾರಿನ ನೆರೆಯ ನಂಜನಗೂಡಿನಲ್ಲೇ 1887ರಲ್ಲಿ ಜನಿಸಿದ ತಿರುಮಲಾಂಬಾ ಬಾಲವಿಧವೆ. ಅವರು 'ಸತೀ ಹಿತೈಷಿಣೀ' ಗ್ರಂಥಮಾಲೆಯನ್ನು ಆರಂಭಿಸಿ 1913ರಲ್ಲಿ 'ಸುಶೀಲೆ'ಯನ್ನು ಹೊರತಂದರು. ಮುಂದೆ 'ಕರ್ನಾಟಕ ನಂದಿನಿ' ಪತ್ರಿಕೆಯನ್ನೂ ನಡೆಸಿದರು. ಲೇಖಕಿಯೇ ಪ್ರಕಾಶಕಿಯೂ ಸಂಪಾದಕಿಯೂ ಆದ ಈ ಮಾದರಿಯನ್ನು ನಮ್ಮ ಅಧ್ಯಯನಗಳು ಸಮಾಜಸುಧಾರಣೆಯ ಚೌಕಟ್ಟಿನಲ್ಲೇ ನೋಡಿವೆ. ಯಾವ ಪ್ರಕಾರದಲ್ಲಿ ಬರೆಯಬೇಕು, ಯಾವುದನ್ನು ಅಚ್ಚಿಗೆ ಕೊಡಬೇಕು ಎಂಬ ನಿರ್ಣಯವು ಹೆಣ್ಣಿನ ಕೈಗೆ ಬಂದ ಗಳಿಗೆಯೆಂದು ಅದನ್ನು ನೋಡುವುದು ಇನ್ನೂ ಹೆಚ್ಚು ಫಲಕಾರಿ. ಮೇರಿ ಶೆಲ್ಲಿಯ 'ಫ್ರ್ಯಾಂಕೆನ್‌ಸ್ಟೈನ್' 1818ರಲ್ಲಿ ಲೇಖಕಿಯ ಹೆಸರಿಲ್ಲದೆ ಪ್ರಕಟವಾಗಿ, 1823ರ ಆವೃತ್ತಿಯಲ್ಲಷ್ಟೇ ಹೆಸರು ಪಡೆದುದನ್ನು ನೆನೆದರೆ ಈ ನಿರ್ಣಯದ ತೂಕ ಅರಿವಾಗುತ್ತದೆ.

ತ್ರಿವೇಣಿಯವರಲ್ಲಿ ಭಯವು ಮನೆಯೊಳಗೆ ಬಂದು ನೆಲೆಸಿತು. ಮನಃಶಾಸ್ತ್ರದ ವಿದ್ಯಾರ್ಥಿನಿಯಾಗಿದ್ದ ಅವರ 'ಶರಪಂಜರ'ದಲ್ಲಿ ಪ್ರೇತವಿಲ್ಲ. ಗುಣಮುಖಳಾಗಿ ಮರಳಿದ ಹೆಣ್ಣನ್ನು ಹುಚ್ಚಿಯೆಂದೇ ಕಾಣುವ ಮನೆಯವರ ನೋಟವಿದೆ. ಇದರ ಪಕ್ಕದಲ್ಲಿ 2004ರ 'ಆಪ್ತಮಿತ್ರ' ಚಲನಚಿತ್ರವನ್ನಿಟ್ಟು ನೋಡಬಹುದು. ಅಲ್ಲಿಯೂ ಹೆಣ್ಣಿನ ಮನೋವಿಕಲ್ಪವೇ ವಸ್ತು, ಆದರೆ ಅದನ್ನು ಅರ್ಥೈಸಿ ಬಿಡಿಸುವವನು ಗಂಡು. ತ್ರಿವೇಣಿಯವರ ನಾಯಕಿಗೆ ಅಂತಹ ಬಿಡುಗಡೆಯಿಲ್ಲ. ನನ್ನ ಅಭಿಪ್ರಾಯದಲ್ಲಿ 'ಶರಪಂಜರ' ಕನ್ನಡದ ಮುಖ್ಯ ಭಯಕಾದಂಬರಿಗಳಲ್ಲೊಂದು. ಅದನ್ನು ಹಾಗೆ ಕರೆಯಲು ನಾವು ಹಿಂಜರಿದುದಕ್ಕೆ 'ಅಡುಗೆಮನೆ ಸಾಹಿತ್ಯ' ಎಂಬ ಹೀನಾಯದ ಹಣೆಪಟ್ಟಿಯೂ, 'ಜನಪ್ರಿಯ'ವೆಂದರೆ ಪಠ್ಯಕ್ಕೆ ಹೊರಗೆಂಬ ವಿಭಾಗಗಳ ರೂಢಿಯೂ ಕಾರಣ.

ಮೌಖಿಕ ಪರಂಪರೆಯಲ್ಲಿಯೂ ಸಂಗತಿ ಭಿನ್ನವಲ್ಲ. ಎ.ಕೆ. ರಾಮಾನುಜನ್ ಅವರು ಹೆಣ್ಣಿನ ಕಥೆಯೆಂದೇ ವಿಶ್ಲೇಷಿಸಿದ ಹೂವಿನ ಗಿಡವಾಗುವ ಹುಡುಗಿಯ ಕನ್ನಡ ಜನಪದ ಕಥೆಯಲ್ಲಿ, ಕೊಂಬೆ ಮುರಿದವರ ಅಜಾಗರೂಕತೆಯಿಂದ ಅವಳು ಕೈಕಾಲಿಲ್ಲದ ಮುಂಡವಾಗಿ ಉಳಿಯುತ್ತಾಳೆ. ದೇಹವನ್ನು ಕುರಿತ ಇಂತಹ ಭೀತಿಯನ್ನು ಹೆಣ್ಣುಮಕ್ಕಳು ಅಡುಗೆಮನೆಯಲ್ಲೇ ನಿರೂಪಿಸುತ್ತಿದ್ದರು. ಆದರೂ ಜನಪದ ಕಥಾಸಂಕಲನಗಳ ಮುಖಪುಟದಲ್ಲಿ ಸಾಮಾನ್ಯವಾಗಿ ಸಂಗ್ರಾಹಕರ ಹೆಸರು, ಕಥೆ ಹೇಳಿದಾಕೆಯದು ಅನುಬಂಧದಲ್ಲಿ. ಕೆಲವೊಮ್ಮೆ ಅಲ್ಲಿಯೂ ಇಲ್ಲ.

ಲಿಂಗತ್ವ ಅಲ್ಪಸಂಖ್ಯಾತರ ವಿಷಯದಲ್ಲಿ ಅಂತರ ಮತ್ತಷ್ಟು ದೊಡ್ಡದು. 2012ರ 'ಕಲ್ಪನಾ' ಚಿತ್ರದಲ್ಲಿ ಸೇಡಿನ ಪ್ರೇತ ಮಂಗಳಮುಖಿಯದು. ಪಾತ್ರವಹಿಸಿದವರು ನಟ ಸಾಯಿಕುಮಾರ್. ಇತ್ತ ಎ. ರೇವತಿಯವರ ಆತ್ಮಕಥನ 'ಬದುಕು ಬಯಲು' ದು. ಸರಸ್ವತಿಯವರ ಅನುವಾದದಲ್ಲಿಯೂ, ಮಂಜಮ್ಮ ಜೋಗತಿಯವರ ಬದುಕು 'ನಡುವೆ ಸುಳಿವ ಹೆಣ್ಣು' ಎಂಬ ನಿರೂಪಣೆಯಲ್ಲಿಯೂ ಕನ್ನಡಕ್ಕೆ ಬಂದವು. ಇವು ಮಹತ್ವದ ಪ್ರಕಟಣೆಗಳೇ. ಆದರೆ ಪ್ರಕಾಶನಲೋಕವು ಈ ಸಮುದಾಯದಿಂದ ಬಯಸುವುದು ಸಾಕ್ಷ್ಯವನ್ನು, ಕಲ್ಪನೆಯನ್ನಲ್ಲ. ತಮ್ಮ ನೋವನ್ನು ಹೇಳಬಹುದು. ದೆವ್ವದ ಕಥೆಯೊಂದನ್ನು ಕಟ್ಟಿ ನಮ್ಮನ್ನು ಹೆದರಿಸಬಹುದೆಂದು ಯಾವ ಸಂಪಾದಕನಾದರೂ ಕೇಳಿದ್ದುಂಟೇ?

ಆದುದರಿಂದ ಹದಿನಾರು, ತಲಕಾಡು ಸೀಮೆಯ ಕ್ಷೇತ್ರಕಾರ್ಯದಲ್ಲಿ ನಿರೂಪಕಿಯರನ್ನು 'ಮಾಹಿತಿದಾರರು' ಎಂದು ದಾಖಲಿಸುವ ಕ್ರಮವನ್ನು ಕೈಬಿಟ್ಟು, ಅವರ ಒಪ್ಪಿಗೆ ಪಡೆದು ಕಥೆಯ ಶೀರ್ಷಿಕೆಯ ಕೆಳಗೇ ಕರ್ತೃನಾಮವಾಗಿ ಅಚ್ಚಿಸುವುದು ಸಾಧ್ಯ. ವಿಭಾಗಗಳ ಪ್ರಸಾರಾಂಗಗಳಿಗೆ ಇದು ಹೆಚ್ಚಿನ ವೆಚ್ಚದ ಕೆಲಸವೂ ಅಲ್ಲ.