ಪೈಪಿನ ದುಡ್ಡು ಯಾರು ಕಟ್ಟಿದರು ಅಂತ ಕೇಳು

ನೋಡಪ್ಪ, ಬೆಂಗಳೂರಿನ ಅಂಚಿನಲ್ಲಿ ಸೈಟು ಹುಡುಕುತ್ತಿದ್ದೀಯಂತೆ. ಸಂತೋಷ. ಅಡ್ವಾನ್ಸ್ ಕೊಡುವ ಮುಂಚೆ ನನ್ನ ಮಾತೊಂದು ಕಿವಿಗೆ ಹಾಕಿಕೋ. ಚದರಡಿಗೆ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ. ನೀರು, ಒಳಚರಂಡಿ, ರಸ್ತೆಗೆ ದುಡ್ಡು ಕಟ್ಟಿದವರು ಯಾರು ಅಂತ ನೀನು ಕೇಳು.

ಕಲ್ಲು ನೆಟ್ಟು ಕಮಾನು ಕಟ್ಟಿಬಿಟ್ಟರೆ ಬಡಾವಣೆ ಆಗುವುದಿಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ (ಬಿಡಿಎ) ಕಾಯಿದೆಯ 32ನೇ ಕಲಮಿನಲ್ಲೇ ಇದೆ: ಲೇಔಟ್ ಮಾಡುವವರಿಂದ ನೀರು, ವಿದ್ಯುತ್, ರಸ್ತೆ, ಸಾರಿಗೆ ಯೋಜನೆಗಳ ಖರ್ಚಿನಲ್ಲಿ ಒಂದು ಪಾಲನ್ನು ಮಂಜೂರಾತಿಗೆ ಮೊದಲೇ ಕಟ್ಟಿಸಿಕೊಳ್ಳಬಹುದು. ಗೃಹ ನಿರ್ಮಾಣ ಸಹಕಾರ ಸಂಘಗಳು ಇದರ ಮೇಲೆ ಕೋರ್ಟು ಹತ್ತಿದವು. 2012ರಲ್ಲಿ ಸುಪ್ರೀಂ ಕೋರ್ಟು ಆ ಅಧಿಕಾರವನ್ನು ಎತ್ತಿಹಿಡಿಯಿತು. ನನ್ನನ್ನು ಕೇಳಿದರೆ ಅದು ನ್ಯಾಯವೇ. ಕಾವೇರಿಯನ್ನು ಸುಮಾರು ನೂರು ಕಿಲೋಮೀಟರ್ ದೂರದಿಂದ ಮೇಲಕ್ಕೆ ಎತ್ತಿ ತರಬೇಕು. ಹೊಸ ಮನೆಗಳ ಆ ಖರ್ಚನ್ನೆಲ್ಲ ಹಳೇ ಬಡಾವಣೆಯವರ ತಲೆಗೆ ಕಟ್ಟಲಾದೀತೆ?

ಹಾಗಂತ ದುಡ್ಡು ಕಟ್ಟಿದ ಮರುದಿನವೇ ನಲ್ಲಿಯಲ್ಲಿ ನೀರು ಬರುತ್ತದೆ ಅಂದುಕೊಳ್ಳಬೇಡ. ಊರಿನ ಸುತ್ತಲಿನ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದ್ದು 2007ರಲ್ಲಿ. ಅವುಗಳಿಗೆಂದೇ ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 775 ದಶಲಕ್ಷ ಲೀಟರಿನದು, ಜಪಾನಿನ ಸಾಲ ಪಡೆದು ಕಟ್ಟಿ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ಹದಿನೇಳು ವರ್ಷ ಅಲ್ಲಿ ಅಪಾರ್ಟ್‌ಮೆಂಟುಗಳು ಏಳುವುದೇನೂ ನಿಲ್ಲಲಿಲ್ಲ. ಜನ ಬೋರ್‌ವೆಲ್ಲು, ಟ್ಯಾಂಕರನ್ನು ನಂಬಿ ಬದುಕಿದರು. ಹೊಂದಾಣಿಕೆಯಾದರೂ ಎಲ್ಲಿಂದ ಬಂದೀತು? ನಕ್ಷೆ ಮಂಜೂರು ಮಾಡುವ ಕಚೇರಿ ಒಂದು, ನೀರಿನ ಮಂಡಳಿ ಇನ್ನೊಂದು, ಕರೆಂಟಿನದು ಮತ್ತೊಂದು. ಇಡೀ ಊರಿಗೆ ದಾರಿ ತೋರಬೇಕಾದ ಮಾಸ್ಟರ್ ಪ್ಲ್ಯಾನು ಎಲ್ಲಿಗೆ ನಿಂತಿದೆ ಗೊತ್ತಾ? ಹೆಸರಿನಲ್ಲೇ 2015 ಅಂತಿರುವ, 2007ರಲ್ಲಿ ಜಾರಿಗೆ ಬಂದ ಪ್ಲ್ಯಾನಿಗೆ. 2031ರದೆಂದು ಒಂದು ಕರಡು ಬಂತು, ಸರ್ಕಾರವೇ ಅದನ್ನು ವಾಪಸ್ ತೆಗೆದುಕೊಂಡಿತು.

ಅದಕ್ಕೇ ಹೇಳುತ್ತಿರುವುದು, ಬಣ್ಣದ ಬ್ರೋಶರ್ ಪಕ್ಕಕ್ಕಿಟ್ಟು ಕಾಗದ ಕೇಳು ಅಂತ. ಯೋಜನಾ ಪ್ರಾಧಿಕಾರ ಮಂಜೂರು ಮಾಡಿದ ಲೇಔಟ್ ನಕ್ಷೆ ನೋಡು. ಅಭಿವೃದ್ಧಿ ಶುಲ್ಕ ಕಟ್ಟಿದ ರಸೀದಿ ನೋಡು. ರಸ್ತೆ, ಪಾರ್ಕು, ನಾಗರಿಕ ಸೌಲಭ್ಯದ (ಸಿಎ) ಸೈಟುಗಳನ್ನು ಪ್ರಾಧಿಕಾರಕ್ಕೆ ಬಿಟ್ಟುಕೊಟ್ಟ ಪರಿತ್ಯಾಜನಾ ಪತ್ರ ರಿಜಿಸ್ಟರ್ ಆಗಿದೆಯಾ ಅಂತ ಮುಖ್ಯವಾಗಿ ವಿಚಾರಿಸು. ಅದು ಆಗಿಲ್ಲದಿದ್ದರೆ ಪಾರ್ಕಿನ ಜಾಗ ನಾಳೆ ಇನ್ಯಾರದೋ ಸೈಟಾದೀತು. ನಿನ್ನ ಮನೆ ಮುಂದಿನ ಮೋರಿ ದುರಸ್ತಿಗೂ ಪಾಲಿಕೆಯವರು ‘ಅದು ಖಾಸಗಿ ರಸ್ತೆ’ ಅನ್ನುತ್ತಾರೆ. ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ (ರೇರಾ) ನೋಂದಣಿ ಇದ್ದರೆ, ಲೇಔಟ್ ಮಾಡುವವರು ಕೊಂಡವರಿಂದ ಪಡೆದ ಹಣದಲ್ಲಿ ಶೇ. 70ರಷ್ಟನ್ನು ಆ ಯೋಜನೆಗೇ ಮೀಸಲಾದ ಬೇರೆ ಖಾತೆಯಲ್ಲಿ ಇಡಬೇಕು. ಅಷ್ಟಾದರೂ ಭದ್ರತೆ ಸಿಕ್ಕಂತೆ.

ಲೇಔಟ್ ಮಂಜೂರಾತಿ ಇಲ್ಲದ ರೆವಿನ್ಯೂ ಸೈಟು ಅಗ್ಗ ಅಂತ ಆಸೆಪಡಬೇಡ. ಮಾರಿದವನು ಕಟ್ಟದೆ ಬಿಟ್ಟ ಶುಲ್ಕ ಕೊಂಡವನ ಬುಡಕ್ಕೇ ಬರುವುದು. ನೀರಿನ ಸಂಪರ್ಕ ಕೇಳಲು ಹೋದರೆ ಜಲಮಂಡಳಿಗೆ ಪಾಲಿನ ಲೆಕ್ಕದಲ್ಲಿ ಕಟ್ಟಬೇಕಾದ ‘ಪ್ರೋರೇಟಾ’ ಶುಲ್ಕ ಬೇರೆ.

ಮನೆ ಕಟ್ಟಿದ ಮೇಲೂ ಸುಮ್ಮನಿರಬೇಡ. ನಿಮ್ಮ ಬಡಾವಣೆಯಿಂದ ಕಟ್ಟಿಸಿಕೊಂಡ ದುಡ್ಡು ಎಲ್ಲಿ ಖರ್ಚಾಯಿತೆಂದು ನಾಲ್ಕು ಜನ ಸೇರಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಮುಂದಿನ ಮಾಸ್ಟರ್ ಪ್ಲ್ಯಾನಿನ ಕರಡು ಬಂದಾಗ ಆಕ್ಷೇಪಣೆ ಬರೆದು ಕೊಡಿ.

ಸದ್ಯಕ್ಕೆ ಇಷ್ಟು ಮಾಡು: ಈ ಕಾಗದಗಳನ್ನು ತೋರಿಸಲು ಸತಾಯಿಸಿದರೆ ಅಡ್ವಾನ್ಸ್ ಕೊಡದೆ ಎದ್ದು ಬಾ.