ಕಡಲಾಚೆಯ ಯಜಮಾನನೂ ಬೆಂಗಳೂರಿನ ಮೇಸ್ತ್ರಿಯೂ

ಮನೆ ಕಟ್ಟಿಸುವ ಯಜಮಾನನು ದಿನಕ್ಕೆರಡು ಬಾರಿ ಬಂದು, ಕಿಟಕಿ ಇಲ್ಲಿರಲಿ, ಮೆಟ್ಟಿಲು ಅಲ್ಲಿರಲಿ ಎಂದು ಮೇಸ್ತ್ರಿಗೆ ಹೇಳಬಲ್ಲನು. ಯಜಮಾನನು ಅಮೆರಿಕದಲ್ಲಿಯೂ ಮೇಸ್ತ್ರಿಯು ಬೆಂಗಳೂರಿನಲ್ಲಿಯೂ ಇದ್ದರೆ ಹೇಗೆ? ಹೊರದೇಶಕ್ಕಾಗಿ ಸಾಫ್ಟ್‌ವೇರ್ ಸಿದ್ಧಪಡಿಸುವವರ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯು ಬೆಂಗಳೂರಿನಲ್ಲಿ ಕೇಂದ್ರವನ್ನು ತೆರೆದು, ಉಪಗ್ರಹದ ಮೂಲಕ ಅಮೆರಿಕದೊಡನೆ ಸಂಪರ್ಕ ಕಲ್ಪಿಸಿಕೊಂಡಿತು. ಅನಂತರದ ವರ್ಷಗಳಲ್ಲಿ ಅನೇಕ ಸಂಸ್ಥೆಗಳ ಕೆಲಸವು ಈ ಬಗೆಯಲ್ಲಿ ಇಲ್ಲಿಗೆ ಹರಿದುಬಂದಿತು. ಆದರೆ ಆ ಕೆಲಸದ ಹಿಂದಿರುವ ಕಚೇರಿಯ ರೂಢಿಯು ತಂತಿಯಲ್ಲಿ ಹರಿದುಬರುವಂಥದಲ್ಲ. 'ವರ್ಷದ ಮೊದಲ ಮೂರು ತಿಂಗಳ ಮಾರಾಟದ ಲೆಕ್ಕ ಬೇಕು' ಎಂಬ ಸರಳ ವಾಕ್ಯವನ್ನೇ ನೋಡಬಹುದು. ಭಾರತದ ಲೆಕ್ಕಿಗನಿಗೆ ಅದು ಏಪ್ರಿಲ್‌ನಿಂದ ಜೂನ್. ಅಮೆರಿಕದ ಎಷ್ಟೋ ಕಂಪನಿಗಳಿಗೆ ಜನವರಿಯಿಂದ ಮಾರ್ಚ್. 03/04 ಎಂದು ಬರೆದರೆ ಇಲ್ಲಿ ಏಪ್ರಿಲ್ 3, ಅಲ್ಲಿ ಮಾರ್ಚ್ 4. ಇಬ್ಬರೂ ತಮಗೆ ಅರ್ಥವಾಯಿತೆಂದೇ ನಂಬಿರುತ್ತಾರೆ. ಆದುದರಿಂದ ಯಾರೂ ಪ್ರಶ್ನಿಸುವುದಿಲ್ಲ.

ಬರೆದಿಟ್ಟ ಮಾತ್ರಕ್ಕೆ ಕಾರ್ಯ ಮುಗಿಯಿತೆಂದೂ ಭಾವಿಸಲಾಗದು. ಅಮೆರಿಕದ ನಾಸಾ ಸಂಸ್ಥೆಯು 1998ರ ಡಿಸೆಂಬರಿನಲ್ಲಿ ಮಂಗಳ ಗ್ರಹಕ್ಕೆ ಕ್ಲೈಮೇಟ್ ಆರ್ಬಿಟರ್ ಎಂಬ ನೌಕೆಯನ್ನು ಕಳುಹಿಸಿತು. ನೂಕುಬಲದ ಲೆಕ್ಕವನ್ನು ನ್ಯೂಟನ್ ಮಾನದಲ್ಲಿ ಕೊಡತಕ್ಕದ್ದೆಂದು ದಾಖಲೆಯಲ್ಲಿ ಸ್ಪಷ್ಟವಾಗಿಯೇ ಇದ್ದಿತು. ಗುತ್ತಿಗೆ ಪಡೆದ ಲಾಕ್‌ಹೀಡ್ ಮಾರ್ಟಿನ್ ಕಂಪನಿಯ ಸಾಫ್ಟ್‌ವೇರ್ ಅದನ್ನು ಪೌಂಡ್ ಮಾನದಲ್ಲಿ ಕೊಟ್ಟಿತು. ಒಂದು ಪೌಂಡ್ ಬಲವೆಂದರೆ ಸುಮಾರು 4.45 ನ್ಯೂಟನ್. 1999ರ ಸೆಪ್ಟೆಂಬರ್ 23ರಂದು ನೌಕೆಯು ಉದ್ದೇಶಿಸಿದುದಕ್ಕಿಂತ ಬಹಳ ಕೆಳಗೆ ಮಂಗಳವನ್ನು ಸಮೀಪಿಸಿ ಇಲ್ಲವಾಯಿತು. ಎರಡೂ ಪಕ್ಷದವರು ಒಂದೇ ದೇಶದವರು, ಒಂದೇ ಭಾಷೆಯವರು! ದಾಖಲೆಯ ಮಾತನ್ನೂ ಕೈಗೆ ಬಂದ ವಸ್ತುವನ್ನೂ ಸರಿಯಾಗಿ ತಾಳೆನೋಡದೆ ಹೋದುದೇ ಅಲ್ಲಿನ ಲೋಪ.

ಈ ಕಾರಣದಿಂದ ಅನುಭವಸ್ಥರು ಪ್ರತಿಯೊಂದು ಅಗತ್ಯಕ್ಕೂ ಒಂದು ಸಂಖ್ಯೆ ಕೊಟ್ಟು, ಅದು ನೆರವೇರಿತೆಂಬುದನ್ನು ಯಾವ ಪರೀಕ್ಷೆಯಿಂದ ಅರಿಯಬೇಕೆಂಬುದನ್ನು ಪಕ್ಕದಲ್ಲಿಯೇ ಬರೆಯುತ್ತಾರೆ. 'ಬೇಗನೆ ತೆರೆದುಕೊಳ್ಳಬೇಕು' ಎಂಬುದು ಅಗತ್ಯವಲ್ಲ, ಆಸೆ. 'ಎರಡು ಸೆಕೆಂಡಿನೊಳಗೆ' ಎಂಬುದನ್ನು ಅಳೆಯಬಹುದು.

ಇನ್ನೊಂದು ತೊಡಕು ಸೌಜನ್ಯದಿಂದಲೇ ಹುಟ್ಟುವಂಥದು. ದೊಡ್ಡವರೆದುರು 'ತಿಳಿಯಲಿಲ್ಲ' ಎನ್ನಲು ಹಿಂಜರಿಯುವುದು ನಮ್ಮವರ ಅಭ್ಯಾಸ. ಇಲ್ಲಿಯವನ 'ಆಗಲಿ' ಎಂಬ ಮಾತಿಗೆ 'ಕೇಳಿಸಿಕೊಂಡೆ' ಎಂಬಷ್ಟೇ ಅರ್ಥವಿರಬಹುದು. ಅಲ್ಲಿಯವನು ಅದನ್ನು ಒಪ್ಪಿಗೆಯೆಂದು ಗ್ರಹಿಸುತ್ತಾನೆ. ಹೀಗಾಗಿ, ತಿಳಿದುದನ್ನು ತನ್ನ ಮಾತಿನಲ್ಲಿ ತಿರುಗಿ ಹೇಳುವುದನ್ನೂ, ಒಂದೆರಡು ವಾರಕ್ಕೊಮ್ಮೆ ಆದಷ್ಟು ಭಾಗವನ್ನು ತೋರಿಸುವುದನ್ನೂ ಒಳ್ಳೆಯ ತಂಡಗಳು ನಿಯಮವನ್ನಾಗಿ ಇಟ್ಟುಕೊಂಡಿವೆ.

ಚಳಿಗಾಲದಲ್ಲಿ ನ್ಯೂಯಾರ್ಕಿನ ಬೆಳಗಿನ ಒಂಬತ್ತು ಗಂಟೆಯೆಂದರೆ ಬೆಂಗಳೂರಿನ ರಾತ್ರಿ ಏಳೂವರೆ. ಅರೆಬರೆಯಾಗಿ ಕೇಳಿದ ಪ್ರಶ್ನೆಗೆ ಮರುಪ್ರಶ್ನೆ ಬಂದರೆ ಒಂದು ದಿನ ಕಳೆಯಿತು. ನಡುವೆ ಯಜಮಾನನು ಹೊಸತೊಂದನ್ನು ಬಯಸಿದರೆ, ಅದರಿಂದ ಎಷ್ಟು ದಿನ, ಎಷ್ಟು ಹಣ ಹೆಚ್ಚುವುದೆಂದು ಬರೆದು, ಇಬ್ಬರ ಸಹಿಯಾದ ಬಳಿಕವೇ ಕೈಹಾಕತಕ್ಕದ್ದು. ಬಾಯಿಮಾತಿನಲ್ಲಿ ಸೇರಿಸಿದ ಕಿಟಕಿಗೆ ಕೊನೆಯ ಲೆಕ್ಕದ ದಿನ ಯಾರೂ ಹೊಣೆಯಾಗುವುದಿಲ್ಲ.